ಬೆಕ್ಕಿನ ಮೇಲೆ ಹೊರಿಸಿದ ಸುಳ್ಳು ಆರೋಪ

“ಬೇಕೂಂತಲೇ ಮಾಡುತ್ತೆ ಇದು. ನಮ್ಮ ಮೇಲೆ ಸಿಟ್ಟು ಅದಕ್ಕೆ.”

ಬೆಕ್ಕು ಸಾಕಿದ ಮನೆಗಳಲ್ಲಿ, ಅದರಲ್ಲೂ ಬೆಂಗಳೂರು, ಮೈಸೂರು, ಮಂಗಳೂರಿನ ಫ್ಲ್ಯಾಟುಗಳಲ್ಲಿ ಈ ಮಾತು ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ ಅದನ್ನು ಪ್ರಶ್ನಿಸುವವರೇ ಇಲ್ಲ. ವರ್ಷಗಟ್ಟಲೆ ಮರಳು ತುಂಬಿದ ಲಿಟರ್ ಬಾಕ್ಸಿನಲ್ಲೇ ಒಂದು, ಎರಡು ಮುಗಿಸಿಕೊಂಡು ಬರುತ್ತಿದ್ದ ಬೆಕ್ಕು ಒಂದು ದಿನ ಹಾಸಿಗೆಯ ಮೇಲೋ, ಸೋಫಾದ ಮೂಲೆಯಲ್ಲೋ, ಒಗೆಯಲು ಹಾಕಿದ ಬಟ್ಟೆಯ ರಾಶಿಯ ಮೇಲೋ ಉಚ್ಚೆ ಹೊಯ್ಯುತ್ತದೆ. ಮನೆಯವರು ಕೂತು ವಿಚಾರಣೆ ನಡೆಸುತ್ತಾರೆ. ಊರಿಗೆ ಹೋಗಿದ್ದಾಗ ಒಂಟಿಯಾಗಿ ಬಿಟ್ಟಿದ್ದಕ್ಕೆ ಸೇಡು, ಮೀನು ಕೊಡದೆ ಒಣ ಕಾಳು ಹಾಕಿದ್ದಕ್ಕೆ ಕೋಪ, ಮನೆಗೆ ಮಗು ಬಂದಿದ್ದಕ್ಕೆ ಹೊಟ್ಟೆಕಿಚ್ಚು ಎಂದು ತೀರ್ಪು ಹೊರಬೀಳುತ್ತದೆ. ನೆಂಟರು ತಲೆಯಾಡಿಸುತ್ತಾರೆ. ಪಕ್ಕದ ಮನೆಯವರು ತಮ್ಮ ಬೆಕ್ಕಿನ ಕಥೆಯನ್ನೂ ಸೇರಿಸಿ ತೀರ್ಪನ್ನು ಇನ್ನಷ್ಟು ಗಟ್ಟಿ ಮಾಡುತ್ತಾರೆ.

ಈ ನಂಬಿಕೆ ಸುಳ್ಳು. ಬರೀ ಸುಳ್ಳಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಇದು ಕಾಯಿಲೆಯನ್ನು ಮುಚ್ಚಿಡುವ, ಹಿಂಸೆಗೆ ನೆಪ ಒದಗಿಸುವ, ಕೊನೆಗೆ ಬೆಕ್ಕನ್ನು ಬೀದಿಗೆ ತಳ್ಳುವ ಸುಳ್ಳು. ಆದ್ದರಿಂದ ಇದನ್ನು ಎಳೆಎಳೆಯಾಗಿ ಬಿಡಿಸಿ ನೋಡಲೇಬೇಕು.

ಸೇಡು ತೀರಿಸಿಕೊಳ್ಳಬೇಕಾದರೆ ಎದುರಿನವರಿಗೆ ಯಾವುದು ನೋವು ಕೊಡುತ್ತದೆಂದು ಮೊದಲು ಗೊತ್ತಿರಬೇಕು. ಆ ನೋವು ಅವರಿಗೆ ತಟ್ಟುವ ಹೊತ್ತು ಯಾವುದೆಂದು ಊಹಿಸಬೇಕು. ಅಲ್ಲಿಯವರೆಗೆ ಕಾಯಬೇಕು. ಉಚ್ಚೆ ಗಲೀಜು, ಅದು ನಾರುತ್ತದೆ, ಅದನ್ನು ಹಾಸಿಗೆಯ ಮೇಲೆ ಕಂಡರೆ ಮನುಷ್ಯರಿಗೆ ಅವಮಾನ ಎಂಬುದೆಲ್ಲ ನಮ್ಮ ಲೆಕ್ಕ. ಬೆಕ್ಕಿಗೆ ತನ್ನ ಮೂತ್ರದ ವಾಸನೆ ತನ್ನದೇ ಗುರುತು. ಅದನ್ನು ಮೂಸಿ ಒಂದು ಬೆಕ್ಕು ಇನ್ನೊಂದರ ಇರವು, ವಯಸ್ಸು, ಬೆದೆಯ ಸ್ಥಿತಿ ತಿಳಿದುಕೊಳ್ಳುತ್ತದೆ. ತನ್ನ ಪಾಲಿಗೆ ಅಸಹ್ಯವೇ ಅಲ್ಲದ ವಸ್ತುವನ್ನು ಅದು ನಿಮ್ಮನ್ನು ಅಸಹ್ಯಪಡಿಸಲು ಹೇಗೆ ಬಳಸೀತು? ಮನುಷ್ಯರ ಮೈಲಿಗೆಯ ಕಲ್ಪನೆಯನ್ನು ಬೆಕ್ಕಿನ ತಲೆಯೊಳಗೆ ತುಂಬಿ, ಆಮೇಲೆ ಅದನ್ನು ಮುರಿದದ್ದಕ್ಕೆ ಶಿಕ್ಷೆ ಕೊಡುವುದು ಯಾವ ನ್ಯಾಯ?

“ಹಾಗಾದರೆ ನಾವು ಊರಿಂದ ಬಂದ ದಿನವೇ ಯಾಕೆ ಹಾಸಿಗೆ ಮೇಲೆ ಮಾಡಿತು?” ಸೇಡಿನ ವಾದದವರ ಕೈಯಲ್ಲಿರುವ ದೊಡ್ಡ ಸಾಕ್ಷಿ ಇದು. ಗಮನಿಸಿದ್ದು ಸರಿಯೇ, ಅದಕ್ಕೆ ಹಚ್ಚಿದ ಕಾರಣ ತಪ್ಪು. ಬೆಕ್ಕಿನ ಬದುಕು ನಿತ್ಯದ ಕ್ರಮದ ಮೇಲೆ ನಿಂತಿದೆ. ಊಟದ ಹೊತ್ತು, ಮನೆಯ ಸದ್ದು, ಪರಿಚಿತ ಮನುಷ್ಯರ ವಾಸನೆ ಇವುಗಳಲ್ಲಿ ಒಂದು ತಪ್ಪಿದರೂ ಅದರ ಮೈಯೇ ಏರುಪೇರಾಗುತ್ತದೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ಟೋನಿ ಬಫಿಂಗ್ಟನ್ ಮತ್ತು ಅವರ ಸಹೋದ್ಯೋಗಿಗಳು 32 ಬೆಕ್ಕುಗಳನ್ನು 77 ವಾರಗಳ ಕಾಲ ಗಮನಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ 20 ಬೆಕ್ಕುಗಳಿಗೆ ಮೂತ್ರಕೋಶದ ಉರಿಯೂತದ ಹಿನ್ನೆಲೆ ಇತ್ತು, ಉಳಿದ 12 ಆರೋಗ್ಯವಾಗಿದ್ದವು. ನೋಡಿಕೊಳ್ಳುವವರು ಬದಲಾದಾಗ, ಊಟದ ಹೊತ್ತು ತಪ್ಪಿದಾಗ ಎರಡೂ ಗುಂಪಿನ ಬೆಕ್ಕುಗಳು ಕಾಯಿಲೆ ಬಿದ್ದವರಂತೆ ವರ್ತಿಸಿದವು. ಊಟ ಕಡಿಮೆ ಮಾಡಿದವು, ಬಾಕ್ಸಿನ ಹೊರಗೆ ಮಲಮೂತ್ರ ಮಾಡಿದವು, ಕೆಲವು ವಾಂತಿಯನ್ನೂ ಮಾಡಿಕೊಂಡವು. ಸೇಡಿಗೆಂದು ಯಾವ ಪ್ರಾಣಿಯೂ ವಾಂತಿ ಮಾಡಿಕೊಳ್ಳುವುದಿಲ್ಲ. ನೀವು ಧರ್ಮಸ್ಥಳಕ್ಕೋ ಮದುವೆಗೋ ಹೋಗಿ ಮೂರು ದಿನ ಬಿಟ್ಟು ಬಂದಾಗ ಹಾಸಿಗೆಯ ಮೇಲೆ ಕಂಡದ್ದು ಕಂಗೆಟ್ಟ ಒಂದು ಜೀವದ ಲಕ್ಷಣ. ಆ ಮೂರು ದಿನ ಬಾಕ್ಸನ್ನು ಯಾರು ಬಳಿದರು ಎಂದೂ ಕೇಳಿಕೊಳ್ಳಿ. ಮೂರು ದಿನದ ಮಲ ತುಂಬಿದ ಪೆಟ್ಟಿಗೆಗೆ ಕಾಲಿಡಲು ಅದು ಒಪ್ಪದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

“ನನ್ನ ಮುಖ ನೋಡುತ್ತಲೇ ಮಾಡಿತು” ಎನ್ನುವುದು ಎರಡನೆಯ ಸಾಕ್ಷಿ. ಮಲಮೂತ್ರ ಮಾಡುವಾಗ ಬೆಕ್ಕಿಗೆ ತಟ್ಟನೆ ಓಡಲಾಗದು, ಆದ್ದರಿಂದ ಸುತ್ತ ಯಾರು ಬರುತ್ತಿದ್ದಾರೆಂದು ಅದು ನೋಡುತ್ತಲೇ ಇರುತ್ತದೆ. ಬಾಕ್ಸಿನಲ್ಲಿ ಕೂತಾಗಲೂ ಹಾಗೆಯೇ ನೋಡುತ್ತದೆ, ಆಗ ನಾವು ಅದರಲ್ಲಿ ಕೊಬ್ಬು ಕಾಣುವುದಿಲ್ಲ, ಅಷ್ಟೇ. ಇನ್ನು “ತಪ್ಪು ಮಾಡಿದೆ ಅಂತ ಗೊತ್ತು, ಅದಕ್ಕೇ ಮಂಚದ ಕೆಳಗೆ ಓಡಿಹೋಯಿತು” ಎನ್ನುವವರು ತಮ್ಮ ದನಿಯ ಏರಿಳಿತವನ್ನೂ ಕೈಯಲ್ಲಿರುವ ಪೊರಕೆಯನ್ನೂ ಮರೆತಿರುತ್ತಾರೆ. ಬೆಕ್ಕು ಓಡಿದ್ದು ಅವುಗಳಿಗೆ ಹೆದರಿ.

ಈಗ ಈ ಸುಳ್ಳಿನ ಅತ್ಯಂತ ಅಪಾಯದ ಭಾಗಕ್ಕೆ ಬರುತ್ತೇನೆ. ಬಾಕ್ಸ್ ಬಿಟ್ಟು ಬೇರೆಡೆ ಉಚ್ಚೆ ಹೊಯ್ಯುವ ಬೆಕ್ಕಿಗೆ ಬಹಳ ಸಲ ಮೈಯಲ್ಲಿ ಹುಷಾರಿರುವುದಿಲ್ಲ. ಮೂತ್ರಕೋಶದ ಒಳಪದರ ಊದಿಕೊಂಡಿರುತ್ತದೆ, ಮೂತ್ರದಲ್ಲಿ ಹರಳು ಕಟ್ಟಿರುತ್ತದೆ, ಅಪರೂಪಕ್ಕೆ ಸೋಂಕು ಇರುತ್ತದೆ. ಮೂತ್ರದ ತೊಂದರೆಯಿಂದ ವೈದ್ಯರ ಬಳಿ ಬರುವ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸೋಂಕೂ ಸಿಗುವುದಿಲ್ಲ, ಕಲ್ಲೂ ಸಿಗುವುದಿಲ್ಲ. ನಿರ್ದಿಷ್ಟ ಕಾರಣ ಕಾಣದ ಈ ಉರಿಯೂತಕ್ಕೂ ಮನಸ್ಸಿನ ಒತ್ತಡಕ್ಕೂ ನೇರ ನಂಟಿದೆ ಎಂಬುದನ್ನು ಬಫಿಂಗ್ಟನ್ ಅವರ ದಶಕಗಳ ಕೆಲಸ ತೋರಿಸಿಕೊಟ್ಟಿದೆ. ಅಂಥ ಬೆಕ್ಕಿಗೆ ಉಚ್ಚೆ ಹೊಯ್ಯುವಾಗ ಉರಿ, ನೋವು. ಆ ನೋವು ಎಲ್ಲಿಂದ ಬಂತೆಂದು ಅದಕ್ಕೆ ತಿಳಿಯದು. ನೋವಾದಾಗ ತಾನು ನಿಂತಿದ್ದ ಜಾಗ ಮಾತ್ರ ತಲೆಯಲ್ಲಿ ಉಳಿಯುತ್ತದೆ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಕುದಿಯುವ ಹಾಲನ್ನು ಮುಂದಿಟ್ಟಾಗ ಬಾಯಿ ಸುಟ್ಟುಕೊಂಡ ಬೆಕ್ಕು, ಮುಂದೆ ಹಾಲು ಕಂಡರೆ ಸಾಕು, ಓಡುತ್ತಿತ್ತು. ರಾಜನ ಸಭೆಯಲ್ಲಿ ಬಟ್ಟಲು ತುಂಬ ತಣ್ಣನೆಯ ಹಾಲಿಟ್ಟರೂ ಅದು ಹತ್ತಿರ ಸುಳಿಯಲಿಲ್ಲ. ಆ ಬೆಕ್ಕಿಗೆ ಹಾಲಿನ ಮೇಲೆ ಹಟವಿತ್ತು ಎಂದು ನಾವ್ಯಾರೂ ಹೇಳುವುದಿಲ್ಲ, ಬಾಯಿ ಸುಟ್ಟಿತ್ತು ಎನ್ನುತ್ತೇವೆ. ಲಿಟರ್ ಬಾಕ್ಸಿನಲ್ಲಿ ಉರಿಮೂತ್ರದ ನೋವುಂಡ ಬೆಕ್ಕು ಬಾಕ್ಸಿನಿಂದ ದೂರ ಸರಿದು, ಮೆತ್ತಗಿರುವ, ಬೇಗ ಹೀರಿಕೊಳ್ಳುವ ಹಾಸಿಗೆಯನ್ನೋ ಟವೆಲನ್ನೋ ಹುಡುಕಿದರೆ ಅದನ್ನು ಮಾತ್ರ ಕೊಬ್ಬು ಎನ್ನುತ್ತೇವೆ. ಕಾಯಿಲೆ ವಾಸಿಯಾದ ಮೇಲೂ ಆ ಹೆದರಿಕೆ ಕೆಲಕಾಲ ಉಳಿಯಬಹುದು. ಆಗ ಹೊಸ ಬಾಕ್ಸನ್ನು ಹೊಸ ಜಾಗದಲ್ಲಿ, ಬೇರೆ ಬಗೆಯ ಮರಳು ಹಾಕಿ ಇಡಬೇಕಾಗುತ್ತದೆ.

ಗಂಡು ಬೆಕ್ಕಿನ ವಿಷಯದಲ್ಲಿ ತಡವೇ ಸಾವು. ಅದರ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಹರಳು, ಲೋಳೆ ಸೇರಿ ಒಂದು ಸಣ್ಣ ಬೆಣೆ ಕಟ್ಟಿಕೊಂಡರೆ ಸಾಕು, ಮೂತ್ರ ಪೂರ್ತಿ ನಿಂತುಹೋಗುತ್ತದೆ. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರುತ್ತ ಹೋಗಿ ಹೃದಯದ ಬಡಿತವನ್ನು ಕೆಡಿಸುತ್ತದೆ. ಒಂದೆರಡು ದಿನದೊಳಗೆ ಬೆಕ್ಕು ಸಾಯಬಹುದು. ನಮ್ಮ ಕಟ್ಟಡದ ಮನೆಯೊಂದರಲ್ಲಿ ಇಂಥ ಬೆಕ್ಕನ್ನು ಹತ್ತಿರದಿಂದ ನೋಡಿದ್ದೇನೆ. ಹಳದಿ ಬಣ್ಣದ, ದಪ್ಪ ತಲೆಯ ಗಂಡು. ಬಾಕ್ಸಿಗೆ ಹೋಗಿ ಬೆನ್ನು ಬಾಗಿಸಿ ಕೂರುತ್ತಿತ್ತು, ಹಿಂಗಾಲು ನಡುಗುತ್ತಿದ್ದವು, ಏನೂ ಬರುತ್ತಿರಲಿಲ್ಲ. ಎದ್ದು ಬಂದು ಬಾತ್‌ರೂಮಿನ ಮುಂದಿನ ಕಾಲೊರೆಸಿನ ಮೇಲೆ ಕೂತಿತು. ಅಲ್ಲಿ ಎರಡು ತೊಟ್ಟು ಬಿತ್ತು, ಬಿಳಿ ಬಟ್ಟೆಯ ಮೇಲೆ ತೆಳುಗೆಂಪು ಕಲೆ. ಆಮೇಲೆ ಬಚ್ಚಲ ಜಾಲರಿಯ ಮೇಲೆ. ಮತ್ತೆ ಬಾಕ್ಸು. ನಡುನಡುವೆ ಹಿಂಭಾಗ ನೆಕ್ಕಿಕೊಳ್ಳುತ್ತ, ಗಂಟಲಾಳದಿಂದ ಒಂದು ಬಗೆಯ ಕೂಗು. “ಬಾಕ್ಸ್ ಇಟ್ಟಿದ್ರೂ ಕಾಲೊರೆಸಿನ ಮೇಲೆ ಮಾಡ್ತಿದೆ ನೋಡಿ, ಎಷ್ಟು ಧಿಮಾಕು” ಎಂದರು ಮನೆಯವರು. ಹಿಂದಿನ ದಿನದಿಂದಲೂ ಹೀಗೇ ಇತ್ತಂತೆ. ಮಲಬದ್ಧತೆ ಇರಬಹುದೆಂದು ಹಾಲಿಗೆ ಹರಳೆಣ್ಣೆ ಬೆರೆಸಿ ಕುಡಿಸಲೂ ನೋಡಿದ್ದರು. ವೈದ್ಯರು ಹೊಟ್ಟೆ ಮುಟ್ಟಿದಾಗ ಮೂತ್ರಕೋಶ ಗಟ್ಟಿಯಾಗಿ ಕೈಗೆ ಸಿಕ್ಕಿತು. ನಳಿಗೆ ತೂರಿಸಿ ಖಾಲಿ ಮಾಡಿದರು, ಬೆಕ್ಕು ಬದುಕಿತು. ಆ ಮನೆಯವರು ಕೆಟ್ಟ ಜನವಲ್ಲ, ಬೆಕ್ಕನ್ನು ಮುದ್ದಿನಿಂದ ಸಾಕಿದವರು. ಧಿಮಾಕು ಎಂಬ ವಿವರಣೆ ಕೈಗೆ ಸಿದ್ಧವಾಗಿ ಸಿಕ್ಕಿದ್ದರಿಂದ ಬೇರೆ ಕಾರಣ ಹುಡುಕಲಿಲ್ಲ, ಅಷ್ಟೇ. ಇದೇ ವಿವರಣೆಯನ್ನು ಇನ್ನೊಂದು ರಾತ್ರಿ ನಂಬಿ ಬೆಕ್ಕು ಕಳೆದುಕೊಂಡ ಮನೆಗಳು ಇವೆ.

ವಯಸ್ಸಾದ ಬೆಕ್ಕುಗಳ ಪಾಡೂ ಹೀಗೆಯೇ. ಮೂತ್ರಪಿಂಡ ಸೋತರೆ, ಸಕ್ಕರೆ ಕಾಯಿಲೆ ಬಂದರೆ, ಥೈರಾಯ್ಡ್ ಏರಿದರೆ ನೀರು ಕುಡಿಯುವುದೂ ಉಚ್ಚೆಯೂ ಹೆಚ್ಚುತ್ತದೆ. ಬಾಕ್ಸು ಬೇಗ ಒದ್ದೆಯಾಗುತ್ತದೆ, ಕೆಲವೊಮ್ಮೆ ಅಲ್ಲಿಯವರೆಗೆ ತಡೆದುಕೊಳ್ಳಲೂ ಆಗುವುದಿಲ್ಲ. ಕೀಲುನೋವಂತೂ ನಮ್ಮ ಕಣ್ಣಿಗೇ ಬೀಳುವುದಿಲ್ಲ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್-ರೇ ಪರಿಶೀಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವುಗಳಲ್ಲಿ 90ರಲ್ಲಿ ಕೀಲು ಸವೆತದ ಗುರುತು ಕಂಡಿತ್ತು. ಮೊಣಕಾಲು ಹಿಡಿದುಕೊಂಡ ಅಜ್ಜಿಗೆ ಇಂಡಿಯನ್ ಟಾಯ್ಲೆಟ್ ಆಗದೆಂದು ನಾವು ಕಮೋಡ್ ಹಾಕಿಸುತ್ತೇವೆ. ಎಂಟು ಇಂಚು ಎತ್ತರದ ಅಂಚು ದಾಟಲಾಗದೆ ಬಾಕ್ಸಿನ ಪಕ್ಕದಲ್ಲೇ ಮಾಡುವ ಮುದಿ ಬೆಕ್ಕಿಗೆ ಮಾತ್ರ “ಇಷ್ಟು ವರ್ಷ ಆದ್ರೂ ಬುದ್ಧಿ ಬಂದಿಲ್ಲ” ಎಂಬ ಬೈಗುಳ ಕಾದಿರುತ್ತದೆ. ಒಂದು ಬದಿಯ ಅಂಚನ್ನು ತಗ್ಗಿಗೆ ಕತ್ತರಿಸಿಕೊಟ್ಟರೆ ಸಾಕಾಗುತ್ತಿತ್ತು.

ಕಾಯಿಲೆ ಇಲ್ಲವೆಂದು ಖಾತ್ರಿಯಾದರೆ ಬೆರಳು ತೋರಿಸಬೇಕಾದದ್ದು ನಮ್ಮ ಮನೆಯ ವ್ಯವಸ್ಥೆಯ ಕಡೆಗೆ. ನಮ್ಮ ಹಳೆಯ ಮನೆಗಳಲ್ಲಿ ಬೆಕ್ಕಿಗೆ ಈ ತೊಂದರೆಯೇ ಇರಲಿಲ್ಲ ಎಂದು ಹಿರಿಯರು ಹೇಳುವುದುಂಟು. ನಿಜ, ಇರಲಿಲ್ಲ. ಹಿತ್ತಿಲಿತ್ತು, ತಿಪ್ಪೆಯಿತ್ತು, ಬಚ್ಚಲೊಲೆಯ ಬೂದಿ ಸುರಿಯುವ ಗುಂಡಿಯಿತ್ತು, ಅಡಿಕೆ ತೋಟದ ಸಡಿಲ ಮಣ್ಣಿತ್ತು. ಬೆಕ್ಕು ತನಗೆ ಬೇಕಾದಲ್ಲಿ ಕೆರೆದು, ಮಾಡಿ, ಮುಚ್ಚಿ ಬರುತ್ತಿತ್ತು. ಇಂದಿನ ಸಾಕುಬೆಕ್ಕುಗಳ ಮೂಲ ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಮರಳಿನಂಥ ಸಡಿಲ ಮಣ್ಣನ್ನು ಕೆರೆಯುವುದು ಅದರ ರಕ್ತದಲ್ಲೇ ಇದೆ, ಯಾರೂ ಕಲಿಸಬೇಕಿಲ್ಲ. ಆ ಹಿತ್ತಿಲನ್ನು ಕಿತ್ತುಕೊಂಡು ಅದರ ಬದಲಿಗೆ ಒಂದು ಪ್ಲಾಸ್ಟಿಕ್ ತಟ್ಟೆ ಕೊಟ್ಟಿದ್ದೇವೆ. ಹಿತ್ತಿಲಿಗೆ ಹೋಗಬೇಡ ಎಂದ ಮೇಲೆ ಹಿತ್ತಿಲಿನ ಗುಣಗಳನ್ನಾದರೂ ಆ ತಟ್ಟೆಗೆ ತಂದುಕೊಡುವ ಹೊಣೆ ನಮ್ಮದಲ್ಲವೆ?

ಆ ತಟ್ಟೆಯನ್ನು ಎಲ್ಲಿ ಇಟ್ಟಿದ್ದೇವೆ ನೋಡಿ. ಬೆಂಗಳೂರಿನ ಯಾವುದೇ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಹೋಗಿ, ಬೆಕ್ಕಿನ ಬಾಕ್ಸ್ ಎಲ್ಲಿ ಎಂದು ಕೇಳಿದರೆ ಅಡುಗೆಮನೆಯ ಹಿಂದಿನ ಯುಟಿಲಿಟಿ ತೋರಿಸುತ್ತಾರೆ. ನಾಲ್ಕಡಿ ಅಗಲದ ಜಾಗ. ಒಂದು ಕಡೆ ವಾಷಿಂಗ್ ಮಷಿನ್, ಇನ್ನೊಂದು ಕಡೆ ಪಾತ್ರೆ ತೊಳೆಯುವ ಸಿಂಕು, ಮೂಲೆಯಲ್ಲಿ ಗ್ಯಾಸ್ ಸಿಲಿಂಡರು, ಅದರ ಸಂದಿಯಲ್ಲಿ ಬಾಕ್ಸು. ಬೆಕ್ಕು ಕೂತ ಹೊತ್ತಿಗೇ ಮಷಿನ್ನು ಬಟ್ಟೆ ಹಿಂಡಲು ಗಿರ್ರೆಂದು ತಿರುಗಿ ನೆಲವೆಲ್ಲ ಅದುರುತ್ತದೆ. ಕುಕ್ಕರ್ ಕೂಗುತ್ತದೆ. ಕೆಲಸದವರು ಪಾತ್ರೆ ಬಡಿಯುತ್ತಾರೆ, ಬಕೆಟ್ ನೀರು ಚಿಮ್ಮುತ್ತದೆ. ತಪ್ಪಿಸಿಕೊಳ್ಳಲು ಇರುವುದು ಒಂದೇ ಬಾಗಿಲು. ರಾತ್ರಿ ಜಿರಳೆ ಬರುತ್ತದೆಂದು ಆ ಬಾಗಿಲನ್ನೂ ಹಾಕಿಬಿಡುತ್ತಾರೆ. ಬೆಳಿಗ್ಗೆ ಎದ್ದು ಸೋಫಾ ಒದ್ದೆಯಾಗಿದೆ ಎಂದು ಬೆಕ್ಕನ್ನು ಬೈಯುತ್ತಾರೆ! ಊಟದ ಬಟ್ಟಲನ್ನೂ ಬಾಕ್ಸಿನ ಪಕ್ಕದಲ್ಲೇ ಇಡುವ ಮನೆಗಳಿವೆ. ಉಣ್ಣುವಲ್ಲಿ ಹೇಲುವುದು ನಮಗೆ ಹೇಗೆ ಒಗ್ಗದೋ ಬೆಕ್ಕಿಗೂ ಒಗ್ಗದು.

ಗಾತ್ರದಲ್ಲೂ ಹೀಗೆಯೇ. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕು ಎಷ್ಟು ಉದ್ದವೋ ಬಾಕ್ಸು ಅದರ ಒಂದೂವರೆ ಪಟ್ಟು ಇರಬೇಕೆಂದು ಪಶುವೈದ್ಯರು ಹೇಳುತ್ತಾರೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಟ್ರೇಗಳು ಮರಿಗಳಿಗೆ ಸಾಕು, ಬೆಳೆದ ಗಂಡು ಬೆಕ್ಕಿಗೆ ಸಾಲುವುದಿಲ್ಲ. ಅದು ಒಳಗೆ ತಿರುಗಲಾರದೆ ಮುಂಗಾಲುಗಳನ್ನು ಅಂಚಿನ ಮೇಲಿಟ್ಟು, ಹಿಂಭಾಗವನ್ನು ಹೊರಗೆ ಚಾಚಿ ಮಾಡುತ್ತದೆ. ಮುಗಿದ ಕೂಡಲೇ ಕೆರೆಯದೆ, ಮುಚ್ಚದೆ, ಪಂಜ ಒದರಿಕೊಂಡು ಹೊರಗೆ ಹಾರುತ್ತದೆ. ಇಷ್ಟು ಕಂಡಿರೆಂದರೆ ಆ ಬಾಕ್ಸು ಅದಕ್ಕೆ ಹಿಡಿಸಿಲ್ಲವೆಂದೇ ಅರ್ಥ. ಹೊರಗೆ ಮಾಡುವ ದಿನಕ್ಕೆ ಇನ್ನೂ ಸ್ವಲ್ಪವೇ ಬಾಕಿ. ಪಾತ್ರೆ ಅಂಗಡಿಯಲ್ಲಿ ಸಿಗುವ, ಬಟ್ಟೆಬರೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಂದು ಒಂದು ಬದಿ ಕತ್ತರಿಸಿದರೆ ದುಬಾರಿ ಟ್ರೇಗಿಂತ ಒಳ್ಳೆಯ ಬಾಕ್ಸು ಆಗುತ್ತದೆ.

ಮರಳಿನ ವಿಷಯದಲ್ಲಿ ಅಂಗಡಿಯವರು ಮಾರುವುದು ನಮ್ಮ ಮೂಗಿಗೆ, ಬೆಕ್ಕಿನ ಪಂಜಕ್ಕಲ್ಲ. 1947ರವರೆಗೆ ಜಗತ್ತಿನಲ್ಲೆಲ್ಲ ಮನೆಯೊಳಗಿನ ಬೆಕ್ಕಿಗೆ ಬೂದಿ, ಮರಳು, ಮಣ್ಣೇ ಗತಿಯಾಗಿತ್ತು. ಆ ವರ್ಷ ಅಮೆರಿಕದ ಮಿಷಿಗನ್ ರಾಜ್ಯದ ಕಸೋಪೊಲಿಸ್‌ನಲ್ಲಿ ಎಡ್ವರ್ಡ್ ಲೋ ಎಂಬಾತ, ಎಣ್ಣೆ ಚೆಲ್ಲಿದರೆ ಹೀರಲು ಬಳಸುತ್ತಿದ್ದ ಒಂದು ಬಗೆಯ ಜೇಡಿಮಣ್ಣಿನ ಕಾಳನ್ನು ನೆರೆಮನೆಯಾಕೆಯ ಬೆಕ್ಕಿಗೆಂದು ಕೊಟ್ಟ. ಬೂದಿಯ ಹೆಜ್ಜೆಗುರುತಿನ ಕಾಟ ತಪ್ಪಿತು, ವ್ಯಾಪಾರ ಶುರುವಾಯಿತು. ಒದ್ದೆಯಾದಾಗ ಉಂಡೆ ಕಟ್ಟುವ ಬೆಂಟೊನೈಟ್ ಮಣ್ಣು ಬಂದದ್ದು 1980ರ ದಶಕದಲ್ಲಿ. ಆ ಮಣ್ಣು ನಮ್ಮ ದೇಶದಲ್ಲೇ, ಗುಜರಾತಿನ ಕಚ್ಛ್ ಮತ್ತು ರಾಜಸ್ಥಾನದಲ್ಲಿ ಹೇರಳವಾಗಿದೆ. ಆಯ್ಕೆ ಕೊಟ್ಟರೆ ಹೆಚ್ಚಿನ ಬೆಕ್ಕುಗಳು ನುಣ್ಣಗಿರುವ, ಉಂಡೆ ಕಟ್ಟುವ, ಯಾವ ಪರಿಮಳವೂ ಇಲ್ಲದ ಮರಳನ್ನೇ ಆರಿಸಿಕೊಳ್ಳುತ್ತವೆ. ಲ್ಯಾವೆಂಡರ್, ನಿಂಬೆ, ಮಲ್ಲಿಗೆಯ ಘಮ ಬೆರೆಸಿದ ಚೀಲ ಕೊಳ್ಳುವಾಗ ನಾವು ಬೆಕ್ಕಿನ ಮೂಗನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ನಿಂಬೆ, ಕಿತ್ತಳೆಯ ವಾಸನೆ ಬಹುತೇಕ ಬೆಕ್ಕುಗಳಿಗೆ ಆಗದು. ಸೋಡಾ ಪುಡಿ, ಪರಿಮಳದ ಚೀಲ ಇವೆಲ್ಲ ಬಾಕ್ಸ್ ಬಳಿಯದೆ ದಿನ ದೂಡಲು ನಮಗಿರುವ ಅನುಕೂಲ. ದಿನಕ್ಕೆ ಎರಡು ಸಲ ಸಣ್ಣ ಸಲಿಕೆಯಿಂದ ಉಂಡೆಗಳನ್ನು ತೆಗೆದರೆ ಪರಿಮಳದ ಅಗತ್ಯವೇ ಬೀಳುವುದಿಲ್ಲ.

ಮುಚ್ಚಳವಿರುವ ಬಾಕ್ಸನ್ನು ಕೆಲವರು ಖಡಾಖಂಡಿತ ಬೇಡವೆನ್ನುತ್ತಾರೆ, ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ದಿನವೂ ಶುಚಿ ಮಾಡಿದರೆ ಮುಚ್ಚಿದ್ದಕ್ಕೂ ತೆರೆದದ್ದಕ್ಕೂ ಹೆಚ್ಚಿನ ಬೆಕ್ಕುಗಳು ಭೇದ ಮಾಡಲಿಲ್ಲವೆಂದು 2013ರ ಒಂದು ಅಧ್ಯಯನ ತೋರಿಸಿತು. ಕೆಲವು ಇದನ್ನು ಬಯಸಿದವು, ಕೆಲವು ಅದನ್ನು. ಆದರೆ ನಮ್ಮ ಮನೆಗಳಲ್ಲಿ ಮುಚ್ಚಳವೆಂದರೆ ಒಳಗಿನ ಹೊಲಸು ನಮ್ಮ ಕಣ್ಣಿಗೆ ಬೀಳದಿರುವ ಏರ್ಪಾಡು. ಕಣ್ಣಿಗೆ ಬೀಳದಿದ್ದರೆ ಬಳಿಯುವುದು ನಾಳೆಗೆ ಹೋಗುತ್ತದೆ. ಹೊರಗಿರುವ ನಮಗೆ ವಾಸನೆ ಬರುವುದಿಲ್ಲ, ಒಳಗೆ ಹೋಗಬೇಕಾದ ಬೆಕ್ಕಿನ ಉಸಿರು ಕಟ್ಟುತ್ತದೆ.

ಎರಡು ಬೆಕ್ಕಿರುವ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ, ಅದನ್ನು ಕಾಣಲು ಕಣ್ಣು ಪಳಗಬೇಕು. ದೊಡ್ಡ ಬೆಕ್ಕು ಯುಟಿಲಿಟಿಯ ಹೊಸ್ತಿಲಲ್ಲಿ ಸುಮ್ಮನೆ ಮಲಗಿರುತ್ತದೆ. ಜಗಳವಿಲ್ಲ, ಗುರ್ರೆನ್ನುವುದಿಲ್ಲ. ಚಿಕ್ಕ ಬೆಕ್ಕು ಬರುತ್ತದೆ, ದೂರದಲ್ಲಿ ನಿಲ್ಲುತ್ತದೆ, ದೊಡ್ಡದು ಒಮ್ಮೆ ದಿಟ್ಟಿಸುತ್ತದೆ, ಚಿಕ್ಕದು ತಿರುಗಿ ಹೋಗುತ್ತದೆ. ಅರ್ಧ ಗಂಟೆ ಕಳೆದು ಮಲಗುವ ಕೋಣೆಯ ಪರದೆಯ ಹಿಂದೆ ಒದ್ದೆ. ಬೈಗುಳ ಚಿಕ್ಕದಕ್ಕೆ. ಎಷ್ಟು ಬೆಕ್ಕೋ ಅಷ್ಟು ಬಾಕ್ಸು, ಮೇಲೊಂದು ಹೆಚ್ಚು, ಅವೂ ಬೇರೆ ಬೇರೆ ಕೋಣೆಗಳಲ್ಲಿ ಎಂದು ವೈದ್ಯರು ಹೇಳುವುದು ಇದಕ್ಕೇ. ಸಾಲಾಗಿ ಜೋಡಿಸಿದ ಮೂರು ಬಾಕ್ಸುಗಳು ಬೆಕ್ಕಿನ ಲೆಕ್ಕದಲ್ಲಿ ಒಂದೇ, ಕಾವಲು ಕೂತ ಒಂದೇ ಬೆಕ್ಕು ಮೂರನ್ನೂ ತಡೆಯಬಲ್ಲದು.

ಗೋಡೆಗೆ, ಬಾಗಿಲಿಗೆ, ಸೋಫಾದ ಬೆನ್ನಿಗೆ ನಿಂತುಕೊಂಡೇ ಬಾಲ ಎತ್ತಿ, ಅದರ ತುದಿ ಕಂಪಿಸುತ್ತ, ಸ್ವಲ್ಪವೇ ಚಿಮುಕಿಸಿದರೆ ಅದು ಬೇರೆ ವಿಷಯ. ಅದು ಗಡಿಯ ಗುರುತು, ಬಾಕ್ಸಿಗೆ ಸಂಬಂಧಿಸಿದ್ದಲ್ಲ. ಆಪರೇಷನ್ ಆಗದ ಗಂಡಿನಲ್ಲಿ ಇದು ಸಹಜ. ಸಂತಾನಹರಣ ಚಿಕಿತ್ಸೆಯಾದ ಮೇಲೆ ಹತ್ತರಲ್ಲಿ ಎಂಟು-ಒಂಬತ್ತು ಗಂಡು ಬೆಕ್ಕುಗಳು ಇದನ್ನು ಬಿಡುತ್ತವೆ ಇಲ್ಲವೆ ಬಹಳ ಕಡಿಮೆ ಮಾಡುತ್ತವೆ. ಕಿಟಕಿಯಾಚೆ ಬೀದಿಬೆಕ್ಕು ಬಂದು ಕೂರುವ ಮನೆಗಳಲ್ಲಿ ಆ ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಿದರೂ ಎಷ್ಟೋ ವ್ಯತ್ಯಾಸ ಕಾಣುತ್ತದೆ. ಇದನ್ನೂ ಸೇಡಿನ ಲೆಕ್ಕಕ್ಕೆ ಸೇರಿಸಿ ವರ್ಷಗಟ್ಟಲೆ ಗೋಡೆ ತೊಳೆಯುವವರಿಗೆ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ದಾರಿ ಇದ್ದೇ ಇತ್ತು.

ತೊಳೆಯುವುದು ಎಂದೆ. ಇಲ್ಲಿ ನಮ್ಮ ಮನೆಗಳ ಒಂದು ಅಭ್ಯಾಸವನ್ನು ನೇರವಾಗಿಯೇ ಖಂಡಿಸಬೇಕು. ಉಚ್ಚೆ ಕಂಡ ಕೂಡಲೇ ನಮ್ಮ ಕೈ ಹೋಗುವುದು ಫಿನಾಯಿಲ್ ಬಾಟಲಿಗೆ. ನೀರಿಗೆ ಬೆರೆಸಿ ನೆಲ ಒರೆಸಿ, ಬಾಕ್ಸನ್ನೂ ಅದರಲ್ಲೇ ತೊಳೆದು, ಶುದ್ಧವಾಯಿತು ಎಂದುಕೊಳ್ಳುತ್ತೇವೆ. ಕಪ್ಪು ಫಿನಾಯಿಲಿನಲ್ಲಿ ಟಾರಿನಿಂದ ತೆಗೆದ ಫಿನಾಲ್ ಜಾತಿಯ ರಾಸಾಯನಿಕಗಳಿರುತ್ತವೆ. ಮನುಷ್ಯರ, ನಾಯಿಗಳ ಯಕೃತ್ತು ಇಂಥವನ್ನು ಒಡೆದು ಹೊರಹಾಕಲು ಬಳಸುವ ಒಂದು ಮುಖ್ಯ ಕಿಣ್ವ ಬೆಕ್ಕಿನ ವಂಶದಲ್ಲಿ ಕೆಲಸ ಮಾಡುವುದಿಲ್ಲ, ಅದರ ವಂಶವಾಹಿಯೇ ಕೆಟ್ಟುಹೋಗಿದೆ. ಜ್ವರಕ್ಕೆಂದು ನಾವು ನುಂಗುವ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು ಎಂಬುದಕ್ಕೂ ಇದೇ ಕಾರಣ. ಫಿನಾಯಿಲ್ ಒರೆಸಿದ ನೆಲದ ಮೇಲೆ ನಡೆದ ಬೆಕ್ಕು ಕೂತು ತನ್ನ ಪಂಜ ನೆಕ್ಕಿಕೊಳ್ಳುತ್ತದೆ. ವಿಷ ಹೊಟ್ಟೆಗೆ ಹೋಗುವ ದಾರಿ ಅದು. ಪೈನ್ ಎಣ್ಣೆಯ ಬಿಳಿ ಫಿನಾಯಿಲ್ ಕೂಡ ಬೆಕ್ಕಿಗೆ ನಿರಪಾಯಕಾರಿಯಲ್ಲ. ಇಷ್ಟರ ಮೇಲೆ ಫಿನಾಯಿಲಿನ ಘಾಟು ಬೆಕ್ಕನ್ನು ಬಾಕ್ಸಿನಿಂದ ಇನ್ನಷ್ಟು ದೂರ ಓಡಿಸುತ್ತದೆ. ಹಾಸಿಗೆಯೊಳಗೆ ಇಂಗಿದ ಮೂತ್ರದ ವಾಸನೆಯೋ, ನಮ್ಮ ಮೂಗಿಗೆ ಮುಚ್ಚಿಹೋದರೂ ಬೆಕ್ಕಿಗೆ ಹಾಗೆಯೇ ಉಳಿದಿರುತ್ತದೆ, ಮತ್ತೆ ಅಲ್ಲಿಗೇ ಕರೆಯುತ್ತದೆ. ಬಾಕ್ಸಿಗೆ ಬಿಸಿನೀರು, ಪರಿಮಳವಿಲ್ಲದ ಸಾಧಾರಣ ಸೋಪು ಸಾಕು. ಹಾಸಿಗೆಗೆ, ಸೋಫಾಕ್ಕೆ ಮೂತ್ರದ ಅಂಶಗಳನ್ನು ಒಡೆಯುವ ಕಿಣ್ವದ ದ್ರಾವಣ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ಚೆನ್ನಾಗಿ ಒಳಗೆ ಇಳಿಯುವಂತೆ ಹಾಕಿ, ತಾನಾಗಿಯೇ ಒಣಗಲು ಬಿಡಬೇಕು.

ಬೆಕ್ಕಿನ ಮೂತಿಯನ್ನು ಉಚ್ಚೆಗೆ ಒತ್ತಿ ಉಜ್ಜಿದರೆ ಬುದ್ಧಿ ಬರುತ್ತದೆ ಎನ್ನುವವರು ಇನ್ನೂ ಇದ್ದಾರೆ. ಇದು ಕ್ರೌರ್ಯ, ಬೇರೆ ಹೆಸರು ಇದಕ್ಕಿಲ್ಲ. ಫಲವೂ ತಿರುಗುಮುರುಗು. ಬೆಕ್ಕು ಕಲಿಯುವುದು ಮನುಷ್ಯರ ಎದುರು ಉಚ್ಚೆ ಹೊಯ್ಯಬಾರದು ಎಂಬುದನ್ನು ಮಾತ್ರ. ಮುಂದೆ ಅದು ಬೀರುವಿನ ಹಿಂದೆ, ಮಂಚದ ಕೆಳಗೆ ಅಡಗಿ ಮಾಡುತ್ತದೆ, ನೀವು ಹತ್ತಿರವಿದ್ದರೆ ಬಾಕ್ಸಿಗೂ ಹೋಗುವುದಿಲ್ಲ. ಹೊಡೆತದಿಂದ ಒತ್ತಡ, ಒತ್ತಡದಿಂದ ಮೂತ್ರಕೋಶದ ಉರಿ, ಉರಿಯಿಂದ ಮತ್ತೆ ಹಾಸಿಗೆ. ಸೇಡಿನ ನಂಬಿಕೆಯಿಂದ ಹುಟ್ಟಿದ ಶಿಕ್ಷೆ ಅದೇ ನಂಬಿಕೆಗೆ ಹೊಸ ಸಾಕ್ಷಿ ತಯಾರಿಸಿಕೊಡುತ್ತದೆ.

“ಒಂದು ಬೆಕ್ಕಿಗೆ ಇಷ್ಟೆಲ್ಲ ಮಾಡಬೇಕಾ?” ಎಂದು ಕೇಳುವವರಿದ್ದಾರೆ. ಮೂತ್ರ ಪರೀಕ್ಷೆ, ದೊಡ್ಡ ಡಬ್ಬಿ, ಪರಿಮಳವಿಲ್ಲದ ಮರಳು, ದಿನಕ್ಕೆ ಎರಡು ಸಲ ಐದೈದು ನಿಮಿಷದ ಬಳಿಯುವ ಕೆಲಸ. ಹೊಸ ಹಾಸಿಗೆಯ ಬೆಲೆಗಿಂತ ಇದು ಅಗ್ಗ. ಇಷ್ಟೆಲ್ಲ ಮಾಡಿದ ಮೇಲೂ ಪೂರ್ತಿ ಸರಿಹೋಗದ ಬೆಕ್ಕುಗಳಿವೆ, ಅದನ್ನು ಮುಚ್ಚಿಡುವುದಿಲ್ಲ. ಒತ್ತಡದಿಂದ ಬರುವ ಉರಿಯೂತ ಮರುಕಳಿಸುವ ಕಾಯಿಲೆ. ದೀಪಾವಳಿಯ ಪಟಾಕಿಗೆ, ಮನೆ ಬದಲಿಸಿದಾಗ, ಬಣ್ಣ ಹೊಡೆಸುವಾಗ ಮತ್ತೆ ಕಾಣಿಸಿಕೊಳ್ಳಬಹುದು. ಅಂಥವುಗಳಿಗೆ ಔಷಧವಿದೆ, ನೀರಿನಂಶ ಹೆಚ್ಚಿರುವ ಆಹಾರವಿದೆ, ಅಡಗಿ ಕೂರಲು ಎತ್ತರದ ಜಾಗ ಮಾಡಿಕೊಡುವುದಿದೆ. ಬೆಕ್ಕು ತಾನಾಗಿ ಹೆಚ್ಚು ನೀರು ಕುಡಿಯದ ಪ್ರಾಣಿ, ಒಣ ಕಾಳನ್ನೇ ತಿಂದು ಬದುಕುವ ಬೆಕ್ಕಿನ ಮೂತ್ರ ಗಟ್ಟಿಯಾಗುತ್ತದೆ. ಬೇಯಿಸಿದ ಮೀನು, ಕೋಳಿಯ ಉಪ್ಪಿಲ್ಲದ ನೀರನ್ನು ಊಟಕ್ಕೆ ಬೆರೆಸುವುದು ಯಾವ ಮನೆಯಲ್ಲೂ ಸಾಧ್ಯ. ಮನೆಯ ಮಗುವಿಗೆ ಉಬ್ಬಸವಿದ್ದರೆ ನಾವು ಧೂಳು ಕಡಿಮೆ ಮಾಡಿಕೊಂಡು ಬಾಳುತ್ತೇವೆ, ಮಗುವಿಗೆ ಜಿದ್ದು ಎನ್ನುವುದಿಲ್ಲ.

ಬೆಕ್ಕನ್ನು ಗೋಣಿಚೀಲದಲ್ಲಿ ತುಂಬಿ ಊರಾಚೆ ಬಿಟ್ಟು ಬರುವುದು ನಮ್ಮಲ್ಲಿ ಹಳೆಯ ಪದ್ಧತಿ. ಹಳ್ಳಿಯಲ್ಲಿ ಕೋಳಿಮರಿ ಹಿಡಿಯುವ ಬೆಕ್ಕಿಗೆ ಆಗುತ್ತಿದ್ದ ಆ ಗತಿ ಈಗ ನಗರದಲ್ಲಿ ಹಾಸಿಗೆ ಒದ್ದೆ ಮಾಡಿದ ಬೆಕ್ಕಿಗೆ ಬಂದಿದೆ. ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟರೆ ಹೇಗೋ ಬದುಕಿಕೊಳ್ಳುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಮನೆಯೊಳಗೇ ಬೆಳೆದ ಬೆಕ್ಕಿಗೆ ಬೀದಿನಾಯಿಯೂ ಗೊತ್ತಿಲ್ಲ, ವಾಹನವೂ ಗೊತ್ತಿಲ್ಲ. ಹಸಿವು, ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಅರವತ್ತು ವರ್ಷ ದಾಟಿದರೂ ಏರದ ಈ ದಂಡಕ್ಕೆ ಯಾರೂ ಹೆದರುವುದಿಲ್ಲವಾದ್ದರಿಂದ ಕಾನೂನನ್ನು ನಂಬಿ ಕೂರಲಾಗದು, ಮನೆಯವರ ತಿಳಿವಳಿಕೆಯೇ ಬದಲಾಗಬೇಕು.

ನಿಮ್ಮ ಬೆಕ್ಕು ಬಾಕ್ಸು ಬಿಟ್ಟು ಬೇರೆಡೆ ಮಾಡಿದ್ದರೆ ಇವತ್ತೇ ಅದನ್ನು ಹತ್ತಿರದ ಪಶುವೈದ್ಯರ ಬಳಿಗೆ ಒಯ್ದು ಮೂತ್ರ ಪರೀಕ್ಷೆ ಮಾಡಿಸಿ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕಿ, ಏನೂ ಬಾರದೆ ಎದ್ದು ಬರುತ್ತಿದ್ದರೆ ನಾಳೆ ಬೆಳಗಾಗುವವರೆಗೂ ಕಾಯಬೇಡಿ, ರಾತ್ರಿಯಾದರೂ ಸರಿ, ಹೊರಡಿ.